ಆರು ಸಲ ಫೇಲಾದ ರೇಂಜರ್

ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ನಾವೆಲ್ಲ ಸ್ಕೂಲ್ ಟ್ರಿಪ್ಪಲ್ಲಿ ಬಂದವರೇ. ಆಗ ಕಣ್ಣಿಗೆ ಬಿದ್ದಿದ್ದು ಡೈನೋಸಾರ್ ಒಂದೇ. ಈ ಸಲ ನಾಲ್ಕು ಜನ ಹೋಗಿದ್ದು ಚಂದ್ರನ ವಿಭಾಗ ನೋಡೋಕೆ ಅಂತ. ನಿಜ ಹೇಳ್ಬೇಕಂದ್ರೆ ಹಾಸ್ಟೆಲಲ್ಲಿ ಕೂರೋಕೆ ಆಗ್ತಿರಲಿಲ್ಲ. ಹಿಂದಿನ ದಿನ ರಿಸಲ್ಟ್ ಬಂದಿತ್ತು, ನಮ್ಮಲ್ಲೊಬ್ಬನಿಗೆ ಮ್ಯಾಥ್ಸ್ ಎರಡನೇ ಸಲವೂ ಹೋಗಿತ್ತು. ಮನೆಗೆ ಇನ್ನೂ ಹೇಳಿರಲಿಲ್ಲ. ಬಸ್ಸಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಚಂದ್ರನ ಇತಿಹಾಸವನ್ನು ದೊಡ್ಡ ದೊಡ್ಡ ಇಸವಿಗಳಲ್ಲಿ ನೋಡಿದರೆ ವಾಮನ ಮೂರು ಹೆಜ್ಜೆಯಲ್ಲಿ ಅಳೆದ ಹಾಗೆ ಕಾಣುತ್ತೆ. 1959ರಲ್ಲಿ ರಷ್ಯನ್ನರ ಲೂನಾ 2 ಹೋಗಿ ಚಂದ್ರನಿಗೆ ಬಡಿಯಿತು. 1966ರಲ್ಲಿ ಲೂನಾ 9 ಮೆತ್ತಗೆ ಇಳಿಯಿತು. 1969ರಲ್ಲಿ ಮನುಷ್ಯ ನಡೆದ. ಕನ್ನಡ ಬರಹವನ್ನು ನಾವು ಅಕ್ಷರ ಕೂಡಿಸಿಕೊಂಡು ಓದುವ ಇಂಗ್ಲಿಷ್ ಮೀಡಿಯಂ ಗಿರಾಕಿಗಳು, ಆದ್ರೂ ‘ಕಕ್ಷೆ’ ಅನ್ನೋ ಪದ ‘ಆರ್ಬಿಟ್’ಗಿಂತ ಚೆನ್ನಾಗಿದೆ ಅಂತ ನಾಲ್ವರೂ ಒಪ್ಪಿಕೊಂಡ್ವಿ.

“59ರಿಂದ 66ರವರೆಗೆ ಏನ್ ಮಾಡ್ತಿದ್ರೋ ಇವ್ರೆಲ್ಲ?” ಅಂದ, ರಿಸಲ್ಟ್ ಹೋದವನು. ಬೆಳಗ್ಗೆಯಿಂದ ಅವನಾಡಿದ ಮೊದಲ ಉದ್ದದ ವಾಕ್ಯ ಅದು. ಅಲ್ಲೇ ಬೆಂಚ್ ಮೇಲೆ ಕೂತು ಫೋನ್ ತೆಗೆದ್ವಿ.

ಏನ್ ಮಾಡ್ತಿದ್ರು ಅಂದ್ರೆ, ಫೇಲಾಗ್ತಿದ್ರು. ಅಮೆರಿಕದವರು ಚಂದ್ರನ ಹತ್ತಿರದ ಫೋಟೋ ತೆಗೆಯೋಕೆ ರೇಂಜರ್ ಅನ್ನೋ ಸರಣಿ ಮಾಡಿದ್ರು. ಮೊದಲ ಎರಡು ಭೂಮಿಯ ಸುತ್ತಲೇ ಸಿಕ್ಕಿಹಾಕಿಕೊಂಡವು. ಮೂರನೆಯದು ಗುರಿ ತಪ್ಪಿತು. ನಾಲ್ಕನೆಯದು ಒಂದು ಫೋಟೋನೂ ಕಳಿಸದೆ ಚಂದ್ರನ ಆ ಕಡೆಗೆ ಹೋಗಿ ಬಿತ್ತು. ಐದನೆಯದೂ ತಪ್ಪಿತು. 1964ರ ಫೆಬ್ರವರಿಯಲ್ಲಿ ರೇಂಜರ್ 6 ಸರಿಯಾದ ಜಾಗಕ್ಕೇ ಹೋಗಿ ಬಡಿಯಿತು, ಆದರೆ ಕ್ಯಾಮೆರಾನೇ ಕೆಲಸ ಮಾಡಲಿಲ್ಲ! ಎಲ್ಲ ಸ್ಟೆಪ್ ಸರಿ ಇದ್ದು ಕೊನೇ ಉತ್ತರ ಬರದೇ ಇದ್ದ ಹಾಗೆ. ಅವರ ಸಂಸತ್ತು ವಿಚಾರಣೆಗೂ ಕೂತಿತಂತೆ. ರಷ್ಯನ್ನರ ಕಥೆಯೂ ಬೇರೆಯಲ್ಲ, 1965 ಒಂದೇ ವರ್ಷದಲ್ಲಿ ಲೂನಾ 5, 7, 8 ಅಪ್ಪಳಿಸಿದವು, 6 ಚಂದ್ರನನ್ನೇ ತಪ್ಪಿಸಿಕೊಂಡು ದೂರ ಹೋಯ್ತು.

ನಮ್ಮ ವಿಕ್ರಮ್‌ನ ವಿಷಯ ಗೊತ್ತಿರೋದೇ. 2019ರ ಸೆಪ್ಟೆಂಬರ್ 7ರ ಆ ರಾತ್ರಿ ನಾವೆಲ್ಲ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದ ಮಕ್ಕಳು. ಯಾಕೆ ಬಿತ್ತು ಅನ್ನೋದನ್ನ ಮಾತ್ರ ಈಗಲೇ ಸರಿಯಾಗಿ ಓದಿದ್ದು. ಎಂಜಿನ್‌ಗಳ ತಳ್ಳುವ ಬಲ ಅಂದಾಜಿಗಿಂತ ಹೆಚ್ಚಿತ್ತು, ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಯ್ತು, ಇಳಿಯೋಕೆ ಕೊಟ್ಟಿದ್ದ ಜಾಗವೋ ಬರೀ 500 ಮೀಟರ್‌ಗೆ 500 ಮೀಟರ್. ಚಂದ್ರಯಾನ 3ಕ್ಕೆ ಅದನ್ನ 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದ್ರು, ಇಂಧನ ಹೆಚ್ಚಿಸಿದ್ರು, ಕಾಲು ಗಟ್ಟಿ ಮಾಡಿದ್ರು. ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಹಾಕಿ ಡಿಸೈನ್ ಮಾಡಿದ್ದು. ನಮಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು: 2023ರಲ್ಲಿ ಹೊಸ ಆರ್ಬಿಟರ್ ಕಳಿಸಲೇ ಇಲ್ಲ. 2019ರದ್ದೇ ಇನ್ನೂ ಚಂದ್ರನ ಸುತ್ತ ಗಟ್ಟಿಮುಟ್ಟಾಗಿ ತಿರುಗ್ತಿತ್ತಲ್ಲ, ಹೊಸ ಲ್ಯಾಂಡರ್ ಇಳಿಯೋಕೆ ಮೊದಲೇ ಅದರ ಜೊತೆ ಮಾತಾಡಿತು. ಜನ ‘ಫೇಲ್’ ಅಂದಿದ್ದ ಮಿಷನ್ನೇ ತಾನೇ ಅದು!

ಅವನು ಏನೂ ಅನ್ನಲಿಲ್ಲ. ಫೋನ್ ಇಸ್ಕೊಂಡು ರೇಂಜರ್ ಪೇಜನ್ನೇ ಇನ್ನೊಂದು ಸಲ ಕೆಳಗಿನವರೆಗೂ ಓದಿದ. 1964ರ ಜುಲೈ 31ರಂದು ರೇಂಜರ್ 7 ಬೀಳೋ ಮುಂಚೆ 4,300ಕ್ಕೂ ಹೆಚ್ಚು ಫೋಟೋ ಕಳಿಸಿತ್ತು. ಆವತ್ತು ಕ್ಯಾಲಿಫೋರ್ನಿಯಾದ ಜೆಪಿಎಲ್ ಕಂಟ್ರೋಲ್ ರೂಮಲ್ಲಿ ಯಾರೋ ಕಡಲೆಕಾಯಿ ಹಂಚಿದ್ರಂತೆ. ಅಷ್ಟೇ, ಅವತ್ತಿನಿಂದ ದೊಡ್ಡ ದೊಡ್ಡ ಮಿಷನ್‌ಗಳಿಗೆ ಅಲ್ಲಿ ಕಡಲೆಕಾಯಿ ಇರಲೇಬೇಕು. ರಾಕೆಟ್ ಸೈನ್ಸ್‌ನವರೂ ನಮ್ಮ ಹಾಗೇನೇ ಕಣ್ರೀ.

ಹೊರಗೆ ಬಂದು ಕಬ್ಬನ್ ಪಾರ್ಕ್ ಪಕ್ಕ ಅವನು ಫೋನ್ ಮಾಡಿ ಅಪ್ಪನಿಗೆ ವಿಷಯ ಹೇಳಿದ. ನಾವು ಸ್ವಲ್ಪ ದೂರ ನಿಂತಿದ್ವಿ, ಏನು ಮಾತಾದ್ರು ಕೇಳಿಸಲಿಲ್ಲ. ವಾಪಸ್ ಬಂದವನು ಗಾಡಿಯವನ ಹತ್ರ ಬೇಯಿಸಿದ ಕಡಲೆಕಾಯಿ ತಗೊಂಡ. ನಮಗೆ ಒಂದೊಂದು ಹಿಡಿ ಕೊಟ್ಟು, ಉಳಿದದ್ದನ್ನ ಬ್ಯಾಗಿಗೆ ಹಾಕ್ಕೊಂಡ.

“ಎಕ್ಸಾಮ್‌ವರೆಗೆ ಇರಲ್ಲ ಕಣೋ, ಬೂಸ್ಟ್ ಹಿಡಿಯುತ್ತೆ” ಅಂದ್ವಿ.

“ಆವಾಗ ಮತ್ತೆ ತಗೊಂಡ್ರಾಯ್ತು ಬಿಡ್ರೋ” ಅಂದ.