ಕಬ್ಬಿಣದ ಕಡಲೆಯಾದ ಕನ್ನಡ

ಕನ್ನಡ ನಾಡಿನ ಶಾಲೆಯಲ್ಲಿ ಕನ್ನಡದ ಪಾಠವೇ ಕಷ್ಟವಾದೀತೇ ಎಂದು ಯಾರಾದರೂ ಕೇಳಿದರೆ ನಮಗೆ ನಗು ಬರಬಹುದು. ಆದರೆ ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿವಿಗೊಟ್ಟು ಕುಳಿತವರಿಗೆ ಆ ಪ್ರಶ್ನೆಯ ಅರ್ಥ ತಿಳಿಯುತ್ತದೆ. ಒಂದು ಸೀಟಿನಲ್ಲಿ ತೆಲುಗು, ಇನ್ನೊಂದರಲ್ಲಿ ಉರ್ದು, ಬಾಗಿಲ ಬಳಿ ಲಂಬಾಣಿ, ನಡುವೆ ನಮ್ಮ ರಾಯಚೂರು ಸೀಮೆಯ ಕನ್ನಡ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಅನೇಕ ರೈತರು ಇಲ್ಲಿ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಅವರ ನೆಲೆಗಳನ್ನು ಜನ ಇಂದಿಗೂ ಆರ್.ಎಚ್. ಕ್ಯಾಂಪು ಎಂದೇ ಕರೆಯುತ್ತಾರೆ. ಈ ಮನೆಗಳ ಮಕ್ಕಳಿಗೆ ಶಾಲೆಯ ಭಾಷೆ ತಾಯಿಯ ಭಾಷೆಯಲ್ಲ.

ನಿವೃತ್ತಿಯ ನಂತರ ನಾನು ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಕೆಲವು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದು ವರ್ಷ ಬಂಗಾಳಿ ಕ್ಯಾಂಪಿನ ರೈತರೊಬ್ಬರು ತಮ್ಮ ಮಗಳನ್ನು ಕರೆತಂದರು. ಆಕೆ ಆರನೆಯ ತರಗತಿಯವರೆಗೆ ಬಂಗಾಳದಲ್ಲಿ ಅಜ್ಜಿಯ ಮನೆಯಲ್ಲಿ ಓದಿದವಳು. ಅಜ್ಜಿ ತೀರಿಕೊಂಡ ಮೇಲೆ ತಂದೆತಾಯಿಯ ಬಳಿಗೆ ಬಂದು ಇಲ್ಲಿನ ಶಾಲೆಯ ಏಳನೆಯ ತರಗತಿಗೆ ಸೇರಿದ್ದಳು. ಲೆಕ್ಕದಲ್ಲಿ ಚುರುಕು. ಆದರೆ ಕನ್ನಡದ ತರಗತಿಯಲ್ಲಿ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗಿತ್ತು. ಸುತ್ತಲಿನ ಮಕ್ಕಳು ಆರು ವರ್ಷ ಕನ್ನಡ ಓದಿದವರು. ಗುರುಗಳಿಗೆ ಪಠ್ಯ ಮುಗಿಸುವ ಅವಸರ. ಅವಳು ಎದ್ದು ಓದಿದರೆ ತರಗತಿಯೆಲ್ಲ ನಗುತ್ತಿತ್ತು. ಗುರುಗಳೂ ಜೊತೆಗೆ ನಗುತ್ತಿದ್ದರು. "ಶಾಲೆ ಬೇಡ, ಅವ್ವನ ಜೊತೆ ಭತ್ತದ ನಾಟಿಗೆ ಹೋಗುತ್ತೇನೆ ಎನ್ನುತ್ತಾಳೆ ಸರ್" ಎಂದು ತಂದೆ ತಲೆ ತಗ್ಗಿಸಿದರು.

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಈ ನೆಲದಲ್ಲಿ ಬಾಳುವವರಿಗೆ ಈ ನೆಲದ ನುಡಿ ಬೇಕೇಬೇಕು. ಆದರೆ ಕಾನೂನು ಮಗುವನ್ನು ತರಗತಿಯ ಬಾಗಿಲವರೆಗೆ ತರಬಲ್ಲದು. ಅಲ್ಲಿಂದ ಮುಂದೆ ಕೈಹಿಡಿದು ಕರೆದೊಯ್ಯುವವರು ಬೇಕು.

ಆಕೆಯ ಮೊದಲ ಅಡ್ಡಿ ಉಚ್ಚಾರಣೆ. ಬಂಗಾಳಿಯಲ್ಲಿ ನಮ್ಮ 'ವ'ಕಾರ 'ಬ' ಆಗುತ್ತದೆ. ಆದ್ದರಿಂದ ಅವಳು 'ವನ'ವನ್ನು 'ಬನ' ಎಂದೂ 'ವಸಂತ'ವನ್ನು 'ಬಸಂತ' ಎಂದೂ ಓದುತ್ತಿದ್ದಳು. ತರಗತಿ ನಗುತ್ತಿದ್ದುದು ಇದಕ್ಕೇ. ನಾನು ವ್ಯಾಕರಣ ಪುಸ್ತಕದ ತತ್ಸಮ-ತದ್ಭವಗಳ ಪಟ್ಟಿಯನ್ನು ತೆರೆದು ತೋರಿಸಿದೆ. ವನ-ಬನ, ವಸಂತ-ಬಸಂತ ಎಂದು ಅಲ್ಲಿಯೇ ಅಚ್ಚಾಗಿತ್ತು. "ನಮ್ಮ ಹಿರಿಯರ ನಾಲಿಗೆಯೂ ನಿನ್ನ ಹಾಗೆಯೇ ಹೊರಳಿತ್ತು, ನೋಡು" ಎಂದೆ. ಆ ಹುಡುಗಿ ಅಂದು ಮೊದಲ ಬಾರಿಗೆ ಮುಖವೆತ್ತಿ ನನ್ನನ್ನು ನೋಡಿದಳು.

ಆಮೇಲೆ ನಾವು ಎರಡೂ ಭಾಷೆಗಳಲ್ಲಿರುವ ಪದಗಳನ್ನು ಹುಡುಕತೊಡಗಿದೆವು. ನದಿ, ಆಕಾಶ, ಚಂದ್ರ, ಪುಸ್ತಕ ಹೀಗೆ ಪಟ್ಟಿ ಬೆಳೆಯಿತು. ತಂದೆಯ ತಮ್ಮನನ್ನು ಅವರೂ ಕಾಕಾ ಎನ್ನುತ್ತಾರೆ, ನಾವೂ ಕಾಕಾ ಎನ್ನುತ್ತೇವೆ ಎಂದು ತಿಳಿದ ದಿನದಿಂದ ನಾನು ಅವಳಿಗೆ ಸರ್ ಹೋಗಿ ಕಾಕಾ ಆದೆ.

ಎರಡನೆಯ ಅಡ್ಡಿ ಹ್ರಸ್ವ-ದೀರ್ಘಗಳು, ಮತ್ತು ಬಂಗಾಳಿಯಲ್ಲಿ ಇಲ್ಲದ ನಮ್ಮ ಳಕಾರ. ಬೆಲೆ, ಬೆಳೆ, ಬೇಳೆ ಮೂರೂ ಅವಳ ಕಿವಿಗೆ ಒಂದೇ. "ಬೆಳೆಗೆ ಬೆಲೆ ಇಲ್ಲ, ಬೇಳೆಗೆ ಬೆಲೆ ಬಹಳ" ಎಂಬ ವಾಕ್ಯವನ್ನು ಕಟ್ಟಿಕೊಟ್ಟೆ. ರೈತನ ಮಗಳಿಗೆ ಅದರ ಅರ್ಥವನ್ನು ವಿವರಿಸಬೇಕಾಗಲಿಲ್ಲ. ಅದನ್ನು ಹೇಳಿ ಹೇಳಿ ಮೂರು ಪದಗಳೂ ಬೇರೆಯಾದವು. ಒಂದನೆಯ ತರಗತಿಯ ಪುಸ್ತಕ ಓದಲು ಅವಳಿಗೆ ನಾಚಿಕೆ. ಅದಕ್ಕಾಗಿ ಅದನ್ನು ಅವಳ ಪುಟ್ಟ ತಮ್ಮನಿಗೆ ಓದಿ ಹೇಳುವ ಕೆಲಸ ಒಪ್ಪಿಸಿದೆ. ತಮ್ಮನಿಗೆ ಓದಿಸುತ್ತಾ ಅಕ್ಕ ಕಲಿತಳು. ದಿನಕ್ಕೆ ಐದೇ ವಾಕ್ಯ ಬರೆಯಬೇಕು. ಅವು ಅವಳ ಮನೆಯ, ಗದ್ದೆಯ, ಕಾಲುವೆಯ ಮಾತೇ ಆಗಿರಬೇಕು.

ಅದೇ ಜಗಲಿಯಲ್ಲಿ ತೆಲುಗು ಕ್ಯಾಂಪಿನ ಹೈಸ್ಕೂಲು ಹುಡುಗನೊಬ್ಬನಿದ್ದ. ಹಳೆಗನ್ನಡ ಪದ್ಯ ಬಂದರೆ ಕನ್ನಡದ ಮನೆಗಳ ಮಕ್ಕಳೂ ಬೆವರುತ್ತಾರೆ. ಆದರೆ ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ ಎಂದು ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಅವನ ಮನೆಯಲ್ಲಿ ಇಂದಿಗೂ ಪಾಲು, ಪುಲಿ ಎಂದೇ ಅನ್ನುತ್ತಾರೆ. ನಗುತ್ತಿದ್ದ ಗೆಳೆಯರಿಗೆ ಅಂದು ಅವನೇ ಗುರು.

ಒಂದು ಭಾನುವಾರ ಮಕ್ಕಳನ್ನು ಮಸ್ಕಿಗೆ ಕರೆದೊಯ್ದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಅಲ್ಲಿ ಗುರುತಿಸಿದ ಬಂಡೆಯ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕ ಎಂಬ ಹೆಸರೇ ಇದ್ದುದರಿಂದ ಇತಿಹಾಸದ ದೊಡ್ಡ ಸಂಶಯವೊಂದು ನೀಗಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಭಾಗದ ಜನರ ಮುಂದೆಯೂ ಒಂದು ದೂರದ ಭಾಷೆ ಬಂದು ನಿಂತಿತ್ತು ಎಂದಾಯಿತು. ಯಾರೋ ಓದಿ, ಅವರ ಮಾತಿನಲ್ಲಿ ತಿಳಿಯಹೇಳಿರಬೇಕು. ಹಿರಿಯರಿಗಷ್ಟೇ ಅಲ್ಲ, ಧರ್ಮದಲ್ಲಿ ನಡೆದರೆ ಕಿರಿಯರಿಗೂ ಗುರಿ ಮುಟ್ಟಲು ಸಾಧ್ಯ ಎಂಬುದು ಆ ಶಾಸನದ ತಾತ್ಪರ್ಯ. ಅದನ್ನು ಕೇಳಿ ಹುಡುಗಿ ಬಂಡೆಯತ್ತ ಬಹಳ ಹೊತ್ತು ನೋಡುತ್ತಾ ನಿಂತಳು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆಕೆ ಕನ್ನಡದಲ್ಲಿ ಅನುತ್ತೀರ್ಣಳಾದಳು. ವಾರ್ಷಿಕ ಪರೀಕ್ಷೆಯಲ್ಲಿ ಹೇಗೋ ದಡ ಸೇರಿದಳು. ಪವಾಡವೇನೂ ನಡೆಯಲಿಲ್ಲ. ಆದರೆ ನಾಟಿಗೆ ಹೋಗುವ ಮಾತು ನಿಂತಿತು. ಮರುವರ್ಷ ತಂದೆಯ ಅರ್ಜಿಯೊಂದನ್ನು ಅವಳೇ ಕನ್ನಡದಲ್ಲಿ ಬರೆದುಕೊಟ್ಟಳು. ಅದರಲ್ಲಿ ಎರಡು ತಪ್ಪುಗಳಿದ್ದವು. ಅರ್ಜಿ ಸ್ವೀಕೃತವಾಯಿತು.

ಕನ್ನಡಕ್ಕೆ ಮಹಾ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟೆಲ್ ಕೂಡ ಒಂದು ದಿನ ನಮ್ಮ ಭಾಷೆಯ ಅಆಇಈ ತಿದ್ದಿದವರೇ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ, ನಿಘಂಟು ಪ್ರಕಟವಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷಗಳು. ಬೆಳೆದ ವಿದ್ವಾಂಸರಿಗೇ ಅಷ್ಟು ಕಾಲ ಬೇಕಾದರೆ ಹನ್ನೆರಡರ ಮಗುವಿಗೆ ಒಂದೆರಡು ವರ್ಷಗಳ ಸೈರಣೆಯನ್ನು ನಾವು ಕೊಡಲಾರೆವೇ?

ಇಂದು ನಮ್ಮ ಮಕ್ಕಳೂ ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ಇದೇ ಸಂಕಟವನ್ನು ಉಣ್ಣುತ್ತಿದ್ದಾರೆ. ಮಗು ಪಾಠ ಅರ್ಥವಾಗುತ್ತಿಲ್ಲ ಎಂದಾಗ ಸೋಮಾರಿ ಎಂದು ಗದರಬೇಡಿ. ಎಲ್ಲಿ ತಡೆಯುತ್ತಿದೆ ಎಂದು ಕೇಳಿ. ಗುರುಗಳನ್ನು ಕಂಡು ವಿನಯದಿಂದ ಮಾತಾಡಿ. ಮನೆಯ ಭಾಷೆಯನ್ನು ಬಿಡಿಸಬೇಡಿ. ಹೊಸ ನುಡಿಗೆ ಏಣಿಯಾಗುವುದು ಅದೇ. ನೆರೆಯ ಮಗುವೊಂದು ತಡವರಿಸಿದರೆ ನಗದಿರಲು ನಿಮ್ಮ ಮಗುವಿಗೆ ಕಲಿಸಿ. ಕಲಿಯುವ ನಾಲಿಗೆ ತೊದಲುತ್ತದೆ. ತೊದಲಿಗೆ ಅಂಜದ ಮಗು ನಿಧಾನವಾಗಿಯಾದರೂ ಮಾತು ಕಲಿಯುತ್ತದೆ.