ದುಡ್ಡಿನ ಮಾತು – 6: ಕಂತು ವಸೂಲಿಗೆ ಬಂದವರ ಹತ್ರ ಹೇಗೆ ಮಾತಾಡೋದು?

(1/3)

ಕಂತು ತಪ್ಪಿದ ಮನೆಯಲ್ಲಿ ಫೋನ್ ರಿಂಗ್ ಆದ್ರೆ ಯಾರೂ ಎತ್ತಲ್ಲ. ಗೊತ್ತಿಲ್ಲದ ನಂಬರ್ ಅಂದ್ರೆ ಎದೆ ಢವಢವ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದು ನಡೀತಿದ್ರೆ ಪೂರ್ತಿ ಓದಿ, ಸೇವ್ ಮಾಡ್ಕೊಳ್ಳಿ.

ನಮ್ಮ ಚಿಕ್ಕಮ್ಮ ಮನೆಯಲ್ಲೇ ಬಟ್ಟೆ ಹೊಲೀತಾರೆ. ಮಹಿಳಾ ಗುಂಪಿನ ಮೂಲಕ ಒಂದು ಮೈಕ್ರೋಫೈನಾನ್ಸ್ ಕಂಪನಿಯಿಂದ ₹50,000 ಸಾಲ ತಗೊಂಡಿದ್ರು. ತಿಂಗಳ ಕಂತು ₹2,650. ಒಂದು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. ಆಮೇಲೆ ಆಟೋ ಓಡಿಸೋ ಚಿಕ್ಕಪ್ಪನ ಕಾಲು ಮುರೀತು, ಮೂರು ಕಂತು ನಿಂತೋಯ್ತು.

ವಸೂಲಿಗೆ ಬಂದವನು ಸಂಜೆ ಏಳೂವರೆಗೆ ಜಗಲಿ ಮೇಲೆ ಕೂತ. ಬೀದಿಗೆಲ್ಲ ಕೇಳೋ ಹಾಗೆ, "₹11,000 ಕೊಡೋವರೆಗೂ ಏಳಲ್ಲ. ನಾಳೆ ಪೊಲೀಸ್ ಕರ್ಕೊಂಡು ಬಂದು ಮನೆಗೆ ಬೀಗ ಹಾಕಿಸ್ತೀನಿ" ಅಂದ.

ಚಿಕ್ಕಮ್ಮ ಮಾರನೇ ದಿನದಿಂದ ಅಂಗಡಿಗೂ ಹೋಗಲಿಲ್ಲ. "ಮೀಟರ್ ಬಡ್ಡಿಗೆ ತಂದಾದ್ರೂ ಕಟ್ಟಿಬಿಡ್ತೀನಿ, ಮರ್ಯಾದೆ ಉಳಿದ್ರೆ ಸಾಕು" ಅಂತಿದ್ರು. ನನಗೆ ಭಯ ಆಗಿದ್ದು ಆ ಮಾತಿಗೆ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆ ಹಳ್ಳಿ ಜನ ಇಂಥ ಸಾಲಕ್ಕೆ ಹೆದರಿ ಮನೆ ಬಿಟ್ಟು ಹೋದ ಸುದ್ದಿ ನಾವೆಲ್ಲ ಓದಿದ್ವಲ್ಲ. ಸಾಲಕ್ಕಿಂತ ಮೊದಲು ಜನರನ್ನ ಮುರಿಯೋದು ನಾಚಿಕೆ.

(2/3)

ಅವನು ಹೇಳಿದ್ದನ್ನೆಲ್ಲ ಬರ್ಕೊಂಡು, ಆರ್‌ಬಿಐ 2022ರ ಮಾರ್ಚ್‌ನಲ್ಲಿ ಮೈಕ್ರೋಫೈನಾನ್ಸ್ ಸಾಲಗಳಿಗೆ ಕೊಟ್ಟ ನಿರ್ದೇಶನದ ಪಕ್ಕ ಇಟ್ಟು ನೋಡಿದೆ.

👉 ಮನೆಗೆ ಬರಬಹುದಾ? ವಸೂಲಿ ನಡೀಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಅಲ್ಲಿಗೆ ಸತತ ಎರಡು ಸಲ ಹೋಗದಿದ್ರೆ ಮಾತ್ರ ಮನೆಗೆ ಬರಬಹುದು. ಚಿಕ್ಕಮ್ಮ ಮೂರು ಮೀಟಿಂಗ್ ತಪ್ಪಿಸಿದ್ರು, ಹಾಗಾಗಿ ಅವನು ಬಂದಿದ್ದು ತಪ್ಪಲ್ಲ.

👉 ಏಳೂವರೆಗೆ? ತಪ್ಪು. ಈ ಸಾಲಗಳಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನೂ ಮಾಡೋ ಹಾಗಿಲ್ಲ.

👉 ಬೀದಿಗೆ ಕೇಳೋ ಹಾಗೆ ಕೂಗೋದು? ಬೆದರಿಕೆ, ಬೈಗುಳ, ನೆಂಟರು ಸ್ನೇಹಿತರಿಗೆ ಕಿರುಕುಳ, ಸಾಲಗಾರರ ಹೆಸರು ಬಹಿರಂಗ ಮಾಡೋದು ಎಲ್ಲಾ ನಿಷಿದ್ಧ.

👉 ಮನೆಗೆ ಬೀಗ? ಮೈಕ್ರೋಫೈನಾನ್ಸ್ ಸಾಲ ಅಂದ್ರೇನೇ ಅಡಮಾನ ಇಲ್ಲದ ಸಾಲ. ಕಂಪನಿ ಸಿವಿಲ್ ಕೋರ್ಟ್‌ಗೆ ಹೋಗಬಹುದು, ತಾನೇ ಬಂದು ಬೀಗ ಹಾಕೋಕಾಗಲ್ಲ.

👉 ಪೊಲೀಸ್? ಕಷ್ಟಕ್ಕೆ ಕಂತು ಕಟ್ಟೋಕಾಗದೇ ಇರೋದು ಅಪರಾಧ ಅಲ್ಲ. ಆದ್ರೆ ಒಂದು ಎಚ್ಚರಿಕೆ: ನೀವು ಕೊಟ್ಟ ಚೆಕ್ ಬೌನ್ಸ್ ಆದ್ರೆ ಅಥವಾ ಬ್ಯಾಂಕ್ ಆಟೋ ಡೆಬಿಟ್ ಹಣ ಇಲ್ಲದೆ ವಾಪಸ್ ಆದ್ರೆ ಬೇರೆ ಕಾನೂನಿದೆ. ಅದರ ನೋಟಿಸ್ ಬಂದ್ರೆ ಮೂಲೆಗೆ ಹಾಕಬೇಡಿ, ತಕ್ಷಣ ವಕೀಲರನ್ನ ನೋಡಿ.

👉 ₹11,000? ಮೂರು ಕಂತು ಸೇರಿದ್ರೆ ₹7,950. ತಡ ಆಗಿದ್ದಕ್ಕೆ ದಂಡ ಹಾಕಬಹುದು, ಆದ್ರೆ ಬಾಕಿ ಇರೋ ಮೊತ್ತದ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ. ಬ್ರಾಂಚ್‌ನಲ್ಲಿ ಸ್ಟೇಟ್‌ಮೆಂಟ್ ತಗೊಂಡಾಗ ಬಂದಿದ್ದು ₹8,240. ಮಿಕ್ಕಿದ್ದು ಯಾವ ಲೆಕ್ಕ ಅಂತ ಕೇಳಿದ್ರೆ ಅಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ.

(3/3)

ಹಕ್ಕು ಗೊತ್ತಾದ ಮಾತ್ರಕ್ಕೆ ಸಾಲ ತೀರಲ್ಲ. ದುಡ್ಡು ಕೊಡಬೇಕು, ಅದು ನ್ಯಾಯ. ಆದ್ರೆ ಹೆದರಿಕೊಂಡು ಒಪ್ಪಿದ ಕಂತು ಮುಂದಿನ ತಿಂಗಳೇ ತಪ್ಪುತ್ತೆ. ಅದಕ್ಕೆ ಮಾತುಕತೆಗೆ ಮುಂಚೆ ಮನೆಯ ಲೆಕ್ಕ ಹಾಕಿ. ಅಕ್ಕಿ, ಬಾಡಿಗೆ, ಕರೆಂಟು, ಔಷಧಿ, ಸ್ಕೂಲ್ ಫೀಸ್ ತೆಗೆದ ಮೇಲೆ ಏನು ಉಳಿಯುತ್ತೋ ಅದಷ್ಟೇ ನೀವು ಕೊಡಬಹುದಾದ ಮೊತ್ತ. ಚಿಕ್ಕಮ್ಮನಿಗೆ ಉಳೀತಿದ್ದು ₹1,500.

ಬ್ರಾಂಚ್ ಮ್ಯಾನೇಜರ್‌ಗೆ ಒಂದು ಪುಟದ ಅರ್ಜಿ ಬರೆದ್ವಿ: ಚಿಕ್ಕಪ್ಪನ ಆಸ್ಪತ್ರೆ ಚೀಟಿ, ನಾಲ್ಕು ತಿಂಗಳು ₹1,500, ಆಮೇಲೆ ಮಾಮೂಲಿ ಕಂತು, ಬಾಕಿಗೆ ಅವಧಿ ವಿಸ್ತರಣೆ. ಇದನ್ನ ಒಪ್ಪಲೇಬೇಕು ಅನ್ನೋ ನಿಯಮ ಇಲ್ಲ. ಎರಡನೇ ಸಲ ಹೋದಾಗ ಒಪ್ಪಿದ್ರು. ಅವಧಿ ಜಾಸ್ತಿ ಆದ್ರೆ ಬಡ್ಡಿನೂ ಜಾಸ್ತಿ ಆಗುತ್ತೆ, ಅದನ್ನ ಮೊದಲೇ ಕೇಳಿ ತಿಳ್ಕೊಂಡ್ವಿ.

ನೀವು ಹೋಗುವಾಗ ಇಷ್ಟು ನೆನಪಿರಲಿ:

✅ ಬಂದವರ ಐಡಿ ಕಾರ್ಡ್, ಕಂಪನಿಯ ಅಧಿಕಾರ ಪತ್ರ ನೋಡಿ.
✅ ಬಾಯಿಮಾತಿನ ಒಪ್ಪಂದ ಬೇಡ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.
✅ ರಸೀದಿ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಏಜೆಂಟ್‌ನ ಸ್ವಂತ ನಂಬರ್‌ಗೆ ಫೋನ್‌ಪೇ ಮಾಡಲೇಬೇಡಿ.
✅ "ಇಷ್ಟು ಕೊಟ್ಟು ಸೆಟಲ್ ಮಾಡ್ಕೊಳ್ಳಿ" ಅಂದ್ರೆ ತಕ್ಷಣ ಖುಷಿಪಡಬೇಡಿ. ಕ್ರೆಡಿಟ್ ರಿಪೋರ್ಟ್‌ನಲ್ಲಿ 'ಸೆಟಲ್ಡ್' ಬೇರೆ, 'ಕ್ಲೋಸ್ಡ್' ಬೇರೆ. 'ಸೆಟಲ್ಡ್' ಅಂತಿದ್ರೆ ಮುಂದೆ ಸಾಲ ಸಿಗೋದು ಕಷ್ಟ.
✅ ಕಿರುಕುಳ ಆದ್ರೆ ತಾರೀಕು, ಸಮಯ, ಆಡಿದ ಮಾತು ಬರೆದಿಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಸಮಾಧಾನ ಆಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಖರ್ಚಿಲ್ಲ. ಮಾಹಿತಿಗೆ 14448.
✅ ಬೆದರಿಕೆ, ಹಲ್ಲೆ ಆದ್ರೆ 30 ದಿನ ಕಾಯೋದೇನಿಲ್ಲ, ನೇರ ಪೊಲೀಸ್ ಸ್ಟೇಷನ್. ಬಲವಂತದ ವಸೂಲಿ ತಡೆಯೋಕೆ ಅಂತಲೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂತು. 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ.

ಒಬ್ಬರೇ ಹೋಗಬೇಡಿ. ಬ್ರಾಂಚ್‌ನಲ್ಲಿ ಚಿಕ್ಕಮ್ಮ ಎರಡು ಮಾತು ಆಡಿ ಅತ್ತುಬಿಟ್ರು, ಮುಂದಿನದನ್ನ ಕಾಗದ ನೋಡ್ಕೊಂಡು ನಾನು ಓದಿದೆ. ಪಕ್ಕದಲ್ಲಿ ಒಬ್ಬರಿದ್ರೆ ಎದುರಿಗಿರೋರ ದನಿನೂ ಇಳಿಯುತ್ತೆ.

ಮನೆಯಲ್ಲಿ ಯಾರಾದ್ರೂ ಸಾಲದ ಚಿಂತೆಯಲ್ಲಿ "ಬದುಕೋದೇ ಬೇಡ" ಅಂತಿದ್ರೆ ಲೆಕ್ಕ ಆಮೇಲೆ. ಮೊದಲು ಅವರ ಪಕ್ಕ ಕೂತ್ಕೊಳ್ಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಊರಿನ ಗುಂಪಿನ ಅಕ್ಕಂದಿರು ಇನ್‌ಸ್ಟಾದಲ್ಲಿ ಇರಲ್ಲ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, ಓದೋಕೆ ಬರದವರಿಗೆ ಓದಿ ಹೇಳಿ.

ಮುಂದಿನ ಭಾಗ: ಗುಂಪಿನಲ್ಲಿ ಒಬ್ಬರು ಕಟ್ಟದಿದ್ರೆ ಉಳಿದವರ ಪಾಡೇನು?

#ದುಡ್ಡಿನಮಾತು #ಸಾಲ #ಕನ್ನಡ