ಇಷ್ಟೊಂದು ಅವಸರ ಏಕೆ?

ಸಹೋದರಿಯರೇ, ದೊಡ್ಡಬಳ್ಳಾಪುರದ ಮಗ್ಗದ ಮನೆಯ ತಾಯಿಯೊಬ್ಬರು ಮೊನ್ನೆ ನನ್ನ ಬಳಿ ಬಂದಿದ್ದರು.

"ಆಪಾ, ಮಗಳಿಗೆ ಹದಿಮೂರು. ಎಂಟನೇ ತರಗತಿ ಮುಗಿಯಿತು, ಓದಿನಲ್ಲಿ ಚುರುಕು. ಒಂಬತ್ತನೆಯದನ್ನು ಬಿಡಿಸಿ, ಮುಕ್ತ ಶಾಲೆಯಿಂದ ಹತ್ತನೆಯ ಪರೀಕ್ಷೆ ಕಟ್ಟಿಸೋಣವೇ? ಡಾಕ್ಟರ್ ಆಗಬೇಕಂತೆ."

ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಹತ್ತನೆಯದಕ್ಕೆ ಸೇರಲು 14 ತುಂಬಿರಬೇಕು. ವೈದ್ಯಕೀಯ ಪ್ರವೇಶದ ನೀಟ್‌ಗೆ ಆ ವರ್ಷದ ಡಿಸೆಂಬರ್ 31ರೊಳಗೆ 17 ಆಗಿರಬೇಕು. ಈ ಹುಡುಗಿ ಶಾಲೆಯಲ್ಲೇ ನಿಧಾನವಾಗಿ ಓದಿದರೂ ಪಿಯುಸಿ ಮುಗಿಸುವಾಗ 17 ಆಗುತ್ತದೆ. ಓಡಿ ಹೋದರೂ ಬಾಗಿಲಲ್ಲಿ ಕಾಯಬೇಕು.

"ಮತ್ತೇಕೆ ಅವಸರ?" ಎಂದೆ. ಆಕೆ ತಲೆ ತಗ್ಗಿಸಿದರು. "ಹದಿನೆಂಟಾದರೆ ಅವಳ ಅಬ್ಬಾ ಮದುವೆ ಮಾಡುತ್ತಾರೆ. ಅಷ್ಟರೊಳಗೆ ಓದಿದಷ್ಟು ಓದಲಿ ಅಂತ."

ನಾನು ಮದ್ರಸಾ ಮುಗಿಸಿ, ಹೈಸ್ಕೂಲಿನ ಮೆಟ್ಟಿಲು ಹತ್ತದೆ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಬರೆದವಳು. ಬಿ.ಎ. ಕೈಗೆ ಬಂದದ್ದು ಮೂವತ್ತು ದಾಟಿದ ಮೇಲೆ. ತಡವಾಯಿತೆಂದು ಯಾರೂ ಹಂಗಿಸಲಿಲ್ಲ. ಆದರೆ ಆಗ ಕಲಿಯದ ಗಣಿತ, ಇಂಗ್ಲಿಷ್ ಇಂದಿಗೂ ನನ್ನನ್ನು ಕಾಡುತ್ತವೆ.

ಮಗಳ ಒಂದು ತರಗತಿ ಕಡಿಮೆ ಮಾಡುವ ಮೊದಲು ಮದುವೆಯನ್ನು ನಾಲ್ಕು ವರ್ಷ ಮುಂದೂಡುವ ಮಾತು ಆಡಿ ನೋಡಿ. ಅಬ್ಬಾನೂ ಒಪ್ಪಿಯಾರು. ಆ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ.